ಸ್ಕೂಬಾ: ರೇಟಿಗೆ ಮೊದಲು ಭಾಷೆ ಕೇಳಿ

ನಮ್ಮ ರಾಯದುರ್ಗ ಸೀಮೆಯಲ್ಲಿ ಮದುವೆಯಾದ ಜೋಡಿಗಳು ತಿರುಪತಿ ಮುಗಿಸಿ ಈಗ ಅಂಡಮಾನಿಗೆ ಹಾರುತ್ತಿವೆ. ಮಂಡಿ ಸಾಹುಕಾರರ ಮಕ್ಕಳಷ್ಟೇ ಅಲ್ಲ, ಬೋರಿನ ನೀರು ನಂಬಿದ ರೈತರ ಮಕ್ಕಳೂ. ಅಲ್ಲಿನ ಹ್ಯಾವ್‌ಲಾಕ್ ದ್ವೀಪ (2018ರಿಂದ ಅದರ ಹೆಸರು ಸ್ವರಾಜ್ ದ್ವೀಪ) ಸ್ಕೂಬಾ ಶಾಲೆಗಳ ಸಂತೆ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗಿ ಹವಳ, ಮೀನು ನೋಡುವ ಆಟ. ಕಳೆದ ಸಲ ನಮ್ಮ ಮಗಳು, ಅಳಿಯಂದಿರೂ ಹೊರಟರು. ಏಜೆಂಟನನ್ನು ಅವರು ಕೇಳಿದ್ದು ಒಂದೇ ಮಾತು: ಕಮ್ಮಿ ಎಲ್ಲಿ?

2025ರ ಸೆಪ್ಟೆಂಬರ್ 19ರಂದು ಅಸ್ಸಾಮಿನ ಗಾಯಕ ಜುಬೀನ್ ಗರ್ಗ್ ಸಿಂಗಪುರದ ಕಡಲಲ್ಲಿ ತೀರಿಕೊಂಡಾಗ ಮೊದಲು ಹಬ್ಬಿದ್ದು ಸ್ಕೂಬಾ ಅಪಘಾತ ಎಂಬ ಸುದ್ದಿ. ಈಜುವಾಗ ಮುಳುಗಿದ್ದು ಅಂತ ಆಮೇಲೆ ತಿಳಿಯಿತು. ಅಷ್ಟರಲ್ಲಿ ನಮ್ಮ ಕಟ್ಟೆಯ ಮೇಲೆ ಸ್ಕೂಬಾ ಎಂದರೆ ಸಾವು ಎಂದು ತೀರ್ಮಾನವಾಗಿತ್ತು! ನಾನು ಹೆದರಿಸಲು ಬರೆಯುತ್ತಿಲ್ಲ.

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ, ದಡದಲ್ಲಿ ನಮ್ಮ ಮೇಲಿರುವ ಗಾಳಿಯ ಒತ್ತಡದಷ್ಟೇ ಒತ್ತಡ ಮತ್ತೆ ಕೂಡುತ್ತದೆ. 10 ಮೀಟರಿನಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಇಮ್ಮಡಿ ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಗಾಬರಿಯಲ್ಲಿ ಎದ್ದರೆ ಶ್ವಾಸಕೋಶ ಹರಿಯಬಹುದು. ಬಾವಿಯಲ್ಲಿ ಮುಳುಗು ಹಾಕಿ ಬೆಳೆದ ನಮಗೆ ಉಸಿರು ಕಟ್ಟುವುದೇ ಅಭ್ಯಾಸ, ಅಲ್ಲಿ ಅದೇ ಮುಳುವು.

ಇನ್ನು ನೀರೊಳಗೆ ಮಾತಿಲ್ಲ, ಕೈಸನ್ನೆ ಅಷ್ಟೇ. ಹೆಬ್ಬೆರಳು ಎತ್ತಿದರೆ 'ಚೆನ್ನಾಗೈತೆ' ಅಂತಲ್ಲ, 'ಮೇಲೆ ಹೋಗೋಣ' ಅಂತ. ಸರಿಯಿದೆ ಅನ್ನಲು ಹೆಬ್ಬೆರಳು, ತೋರುಬೆರಳು ಕೂಡಿಸಿ ಸೊನ್ನೆ ಮಾಡಬೇಕು. ಇದನ್ನೆಲ್ಲ ಐದು ನಿಮಿಷ ಇಂಗ್ಲಿಷಿನಲ್ಲಿ ಗಡಗಡ ಒದರಿ ನೀರಿಗಿಳಿಸುವ ಶಾಲೆ ಎಷ್ಟು ಅಗ್ಗವಾದರೇನು? ಅಂಡಮಾನಿನಲ್ಲಿ ತೆಲುಗು ಮಾತಾಡುವವರು ಬಹಳ ಮಂದಿ. ಎರಡು ಭಾಷೆ ಬಲ್ಲ ನಾವು ತೆಲುಗಿನಲ್ಲಿ ಹೇಳಿಕೊಡುವವರಿದ್ದಾರಾ ಅಂತ ಕೇಳಲು ನಾಚಬಾರದು. ಕನ್ನಡವೇ ಬೇಕಾದರೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಬಹುದು, ಮಳೆಗಾಲ ಬಿಟ್ಟು.

ಒಂದು ದಿನದ ರುಚಿ ನೋಡುವ ಡೈವಿಗೆ ಪ್ಯಾಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಿತಿ 12 ಮೀಟರ್. ಸರ್ಟಿಫಿಕೇಟಿನ ಕೋರ್ಸು ಮೂರು ನಾಲ್ಕು ದಿನದ್ದು, 18 ಮೀಟರಿನವರೆಗೆ. ಒಬ್ಬ ಶಿಕ್ಷಕನಿಗೆ ಎಷ್ಟು ಜನ, ದೋಣಿಯಲ್ಲಿ ಆಕ್ಸಿಜನ್ ಇದೆಯೋ, ಸಿಲಿಂಡರಿನ ಹೆಗಲ ಮೇಲೆ ಪರೀಕ್ಷೆಯ ತಾರೀಖು ಯಾವುದು, ಕೇಳಿ. ಡೈವ್ ಮಾಡಿದ ಮೇಲೆ ವಿಮಾನ ಹತ್ತಲು 18 ಗಂಟೆಯಾದರೂ ಬಿಡಬೇಕು, ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾದೀತು. ಪ್ಯಾಕೇಜಿನವರು ಕೊನೆಯ ದಿನಕ್ಕೇ ಸ್ಕೂಬಾ ಇಟ್ಟಿದ್ದರೆ ಬದಲಿಸಿ ಎನ್ನಿ.

ಅಳಿಯಂದಿರಿಗೆ ಚಿಕ್ಕಂದಿನಿಂದ ಉಬ್ಬಸ. ಆರೋಗ್ಯದ ಫಾರಮಿನಲ್ಲಿ "ಎಲ್ಲಾದಕ್ಕೂ ನೋ ಅಂತ ಟಿಕ್ ಹಾಕ್ಬಿಡಿ ಸಾರ್" ಎಂದನಂತೆ ಏಜೆಂಟ್. ಮಗಳು ರಾತ್ರಿ ಫೋನ್ ಮಾಡಿ, "ಅಪ್ಪಾ, ಏನ್ ಮಾಡೋಣ?" ಅಂದಳು. ಇದ್ದದ್ದು ಬರೆಯಮ್ಮ ಅಂದೆ. ಬೆಳಿಗ್ಗೆ ಆ ಶಾಲೆಯವರು ಫಾರಂ ಓದಿ, ಡಾಕ್ಟರ ಚೀಟಿ ಇಲ್ಲದೆ ಇಳಿಸುವುದಿಲ್ಲ ಎಂದು ದುಡ್ಡು ವಾಪಸು ಕೊಟ್ಟರು. ಮಗಳು ಇಳಿದು ಆಮೆ ನೋಡಿ ಬಂದಳು. ಅಳಿಯಂದಿರು ದೋಣಿಯಲ್ಲೇ ಕೂತರು. ನನ್ನ ಮೇಲೆ ಇನ್ನೂ ಸ್ವಲ್ಪ ಮುನಿಸು ಐತೆ.