ಚೀಟಿಯಿಲ್ಲದ ಉಕ್ಕು

ಚೀಟಿಯಿಲ್ಲದ ಬಿತ್ತನೆ ಬೀಜವನ್ನು ಯಾರಾದರೂ ಮಾರಲು ಬಂದರೆ ನಮ್ಮ ಹಳ್ಳಿಗಳ ಮುದುಕಿಯರೂ ಅವನನ್ನು ಅಂಗಳದಿಂದಲೇ ಹಿಂದಕ್ಕೆ ಕಳುಹಿಸುತ್ತಾರೆ. ಅಧಿಸೂಚಿತ ತಳಿಗಳ ಚೀಲದ ಮೇಲೆ ಮೊಳಕೆಯ ಪ್ರಮಾಣವೂ ಶುದ್ಧತೆಯೂ ಬರೆದಿರಬೇಕೆಂದು 1966ರ ಬೀಜ ಕಾಯಿದೆ ವಿಧಿಸುವುದಕ್ಕೂ ಮೊದಲೇ ರೈತನಿಗೆ ಆ ವಿವೇಕವಿತ್ತು. ಅದೇ ರೈತನ ಮಗ ಇಂದು ಗುಜರಿ ಅಂಗಡಿಯ ರಾಶಿಯಿಂದ ಹೆಸರಿಲ್ಲದ ಕಬ್ಬಿಣದ ತುಂಡೊಂದನ್ನು ಎಳೆದು, ಬೆಸೆದು, ಜೀಪಿನ ಅಚ್ಚನ್ನು ಹಿಡಿದಿಡುವ ತೋಳಾಗಿಸಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಘಟ್ಟ ಇಳಿಯುತ್ತಾನೆ. ಈ ಲೇಖನ ಆ ಧೈರ್ಯದ ವಿರುದ್ಧ.

ಹಳೆಯ ಜೀಪುಗಳ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಒಂದರ ಮೇಲೊಂದು ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗ್ ಭಾರವನ್ನೂ ಹೊರುತ್ತಿತ್ತು, ಅಚ್ಚನ್ನೂ ಅದರ ಜಾಗದಲ್ಲಿ ಹಿಡಿದಿಡುತ್ತಿತ್ತು. ಸುರುಳಿ ಸ್ಪ್ರಿಂಗಿನ ವಾಹನಗಳಲ್ಲಿ ಹಾಗಲ್ಲ. ಗೂರ್ಖಾ, 2020ರ ಥಾರ್‌ನ ಹಿಂಬದಿ, 2023ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಜಿಮ್ನಿ ಇವುಗಳಲ್ಲಿ ಸುರುಳಿಯು ಭಾರವನ್ನು ಮಾತ್ರ ಹೊರುತ್ತದೆ. ಅಚ್ಚು ಹಿಂದೆ ಮುಂದೆ ಸರಿಯದಂತೆ, ಪಕ್ಕಕ್ಕೆ ಜಾರದಂತೆ ತಡೆಯುವುದು ಉಕ್ಕಿನ ತೋಳುಗಳು. ವಾಹನವನ್ನು ಎರಡು ಮೂರು ಅಂಗುಲ ಎತ್ತರಿಸಿದೊಡನೆ ಈ ತೋಳುಗಳ ಉದ್ದ ಸಾಲದಾಗುತ್ತದೆ. ಅಡ್ಡ ತೋಳು ಅಚ್ಚನ್ನು ಒಂದು ಬದಿಗೆ ಎಳೆಯುತ್ತದೆ; ಮುಂದಿನ ಅಚ್ಚು ತುಸು ತಿರುಗಿ, ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಕುಂದುತ್ತದೆ. ಅದನ್ನು ಸರಿಪಡಿಸಲು ಉದ್ದ ಹೊಂದಿಸಬಲ್ಲ ತೋಳು ಬೇಕಾಗುತ್ತದೆ. ಪೇಟೆಯಲ್ಲಿ ಅದರ ಬೆಲೆ ಕೇಳಿ ಬೆವರಿದವರು ಊರಿನ ವೆಲ್ಡಿಂಗ್ ಶೆಡ್ಡಿಗೆ ಹೋಗುತ್ತಾರೆ.

ಶೆಡ್ಡಿನಲ್ಲಿ ಮೊದಲು ಕೈಗೆ ಸಿಗುವುದು ಟ್ರಾಕ್ಟರಿನ ಟಾಪ್ ಲಿಂಕ್. ಒಂದು ತುದಿಗೆ ಎಡ ಥ್ರೆಡ್, ಇನ್ನೊಂದಕ್ಕೆ ಬಲ ಥ್ರೆಡ್, ನಡುವಿನ ಕೊಳವೆ ತಿರುಗಿಸಿದರೆ ಉದ್ದ ಹೆಚ್ಚುಕಡಿಮೆಯಾಗುತ್ತದೆ. ತತ್ವ ಒಂದೇ, ಒಪ್ಪುತ್ತೇನೆ. ಆದರೆ ಟಾಪ್ ಲಿಂಕನ್ನು ಮಾಡಿರುವುದು ನೇಗಿಲಿನ ಹಿಂದೆ ನಡಿಗೆಯ ವೇಗದಲ್ಲಿ ದುಡಿಯಲು. ಅದು ಮುರಿದರೆ ನೇಗಿಲು ಗದ್ದೆಯಲ್ಲಿ ಒರಗುತ್ತದೆ. ಜೀಪಿನ ತೋಳು ತಿರುವಿನಲ್ಲಿ, ಬ್ರೇಕ್ ಒತ್ತಿದ ಕ್ಷಣದಲ್ಲಿ ಮುರಿದರೆ ಚಕ್ರ ಎತ್ತ ಹೋಗುತ್ತದೆಂದು ಹೇಳಲು ಚಾಲಕನೂ ಉಳಿದಿರಲಾರ.

ಶೆಡ್ಡಿನ ಎರಡನೆಯ ವೇದವಾಕ್ಯ ‘ಗಟ್ಟಿ ಸರಳು ಹಾಕಿ, ಏನೂ ಆಗೋದಿಲ್ಲ’. ಲೆಕ್ಕ ಹಾಕಿ ನೋಡೋಣ. 25 ಮಿ.ಮೀ. ವ್ಯಾಸದ ಗಟ್ಟಿ ಉಕ್ಕಿನ ಸರಳು ಮೀಟರಿಗೆ ಸುಮಾರು 3.85 ಕಿಲೋ ತೂಗುತ್ತದೆ. 42.4 ಮಿ.ಮೀ. ಹೊರವ್ಯಾಸ ಹಾಗೂ 3.2 ಮಿ.ಮೀ. ದಪ್ಪದ ಕೊಳವೆ ಮೀಟರಿಗೆ ಸುಮಾರು 3.1 ಕಿಲೋ. ಹಗುರವಾದ ಈ ಕೊಳವೆ ಬಳುಕುವಿಕೆಗೆ ಒಡ್ಡುವ ತಡೆ ಆ ಗಟ್ಟಿ ಸರಳಿನದಕ್ಕಿಂತ ಸುಮಾರು ನಾಲ್ಕು ಪಟ್ಟು; ಅಡಿಯಿಂದ ಬಂಡೆ ಬಡಿದಾಗ ಶಾಶ್ವತವಾಗಿ ಬಾಗದೆ ನಿಲ್ಲುವ ಶಕ್ತಿ ಎರಡು ಪಟ್ಟಿಗೂ ಹೆಚ್ಚು. ಬಿದಿರು ಏಕೆ ಟೊಳ್ಳಾಗಿದೆ ಎಂದು ಮಲೆನಾಡಿನವರಿಗೆ ಬೇರೆ ಹೇಳಬೇಕೆ? ಇನ್ನೊಂದು ಮಾತು: ದುಬಾರಿ ಉಕ್ಕು ತಂದರೆ ತೋಳು ಬಳುಕುವುದಿಲ್ಲ ಎಂಬ ನಂಬಿಕೆಯೂ ಸುಳ್ಳು. ಸಾಧಾರಣ ಉಕ್ಕಿಗೂ ಮಿಶ್ರಲೋಹದ ಉಕ್ಕಿಗೂ ಮುರಿಯುವ ಬಲದಲ್ಲಿ ದೊಡ್ಡ ಅಂತರವಿದೆ. ಬಿಗುಪಿನಲ್ಲಿ ಇಲ್ಲವೆಂಬಷ್ಟು ಕಡಿಮೆ. ಬಳುಕನ್ನು ತಡೆಯುವುದು ಆಕಾರ.

ಹಾಗಾದರೆ ನೀರಿನ ಪೈಪು ಸಾಲದೇ ಎಂದು ನೀವು ಕೇಳಬಹುದು. ಮೇಲೆ ಹೇಳಿದ ಅಳತೆ ಒಂದೂಕಾಲು ಇಂಚಿನ ನೀರಿನ ಪೈಪಿನದೂ ಹೌದು. ಆಕಾರದಲ್ಲಿ ದೋಷವಿಲ್ಲ. ದೋಷವಿರುವುದು ಅದರ ಉದ್ದೇಶದಲ್ಲಿ: ನೀಲಿ ಪಟ್ಟಿಯೋ ಕೆಂಪು ಪಟ್ಟಿಯೋ ಬಳಿದ ಆ ಪೈಪಿನ ಪರೀಕ್ಷೆ ನಡೆದಿರುವುದು ಸೋರಿಕೆಗಾಗಿ, ಲಕ್ಷ ಸಲ ಎಳೆದು ತಳ್ಳುವ ಹೊರೆಗಾಗಿ ಅಲ್ಲ. ಮೇಲಿನ ಸತುವಿನ ಲೇಪ ಬೆಸುಗೆಯಲ್ಲಿ ಕುದಿದು ರಂಧ್ರಗಳನ್ನುಳಿಸುತ್ತದೆ. ಅದರ ಹೊಗೆ ಕುಡಿದ ವೆಲ್ಡರನಿಗೆ ಆ ರಾತ್ರಿ ಜ್ವರ. ಅದೇ ಅಳತೆಯ ಕೊಳವೆಯನ್ನು ಕಟ್ಟಡಗಳಿಗೆಂದು ಐಎಸ್ 1161ರಡಿಯಲ್ಲಿ, ವಾಹನಗಳಿಗೆಂದೇ ಐಎಸ್ 3074ರಡಿಯಲ್ಲಿ ತಯಾರಿಸುತ್ತಾರೆ. ದರ್ಜೆಯ ಗುರುತೂ ಪರೀಕ್ಷಾ ಪತ್ರವೂ ಅದರೊಡನೆ ಬರುತ್ತವೆ. ಜಿಲ್ಲಾ ಕೇಂದ್ರದ ಉಕ್ಕಿನ ವ್ಯಾಪಾರಿಯನ್ನು ಕೇಳದೆಯೇ ‘ಇಲ್ಲಿ ಸಿಗೋದಿಲ್ಲ’ ಎನ್ನುವುದು ನಮ್ಮ ಸೋಮಾರಿತನ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಮನೆ ಕಟ್ಟಿ ಉಳಿದ ಟಿಎಂಟಿ ಕಂಬಿ. ಅದರ ಬಲವಿರುವುದು ಬಿಸಿಯಾಗಿದ್ದಾಗ ನೀರೆರಚಿ ಗಡಸುಗೊಳಿಸಿದ ಹೊರಪದರದಲ್ಲಿ, ಒಳತಿರುಳು ಮೃದು. ಲೇತಿಗೆ ಹಾಕಿ ಥ್ರೆಡ್ ಕತ್ತರಿಸುವಾಗ ಆ ಹೊರಪದರವೇ ಸಿಪ್ಪೆಯಾಗಿ ಉದುರುತ್ತದೆ, ಉಳಿದದ್ದನ್ನು ಬೆಸುಗೆಯ ಶಾಖ ಮೆತ್ತಗಾಗಿಸುತ್ತದೆ. ಹಲಸಿನ ಹಣ್ಣಿನಲ್ಲಿ ತೊಳೆ ಬಿಸಾಡಿ ಗೂಂಜು ತಿಂದ ಹಾಗೆ. ಇಂಥ ಕಂಬಿಯ ಥ್ರೆಡ್ಡಿನ ತೋಳೊಂದು ಮುರಿದ ಮೇಲೆ ಅದರ ತುಂಡನ್ನು ನನಗೆ ತೋರಿಸಿದ್ದರು. ಮುರಿದ ಮುಖದ ಅರ್ಧಭಾಗ ತುಕ್ಕಿನ ಕಂದು, ಉಳಿದರ್ಧ ಹೊಸ ಲೋಹದ ಹೊಳಪು. ಎಂದರೆ ಬಿರುಕು ಎಷ್ಟೋ ದಿನಗಳಿಂದ ಒಳಗೇ ಬೆಳೆಯುತ್ತಿತ್ತು, ಅರ್ಧ ತೋಳಿನ ಮೇಲೆ ಆ ಸಂಸಾರ ಓಡಾಡುತ್ತಿತ್ತು. ಅಂದು ಗಾಡಿ ನಿಂತದ್ದು ಅಂಗಳದ ಇಳಿಜಾರಿನಲ್ಲಿ ಎಂಬುದು ಅವರ ಪುಣ್ಯ. ಹಳೆಯ ಲೀಫ್ ಸ್ಪ್ರಿಂಗಿನ ಪಟ್ಟಿಯನ್ನು ಕತ್ತರಿಸಿ ಕಿವಿಗಳಾಗಿ ಬೆಸೆಯುವವರಿಗೂ ಇದೇ ಎಚ್ಚರಿಕೆ. ಅದರಲ್ಲಿ ಇಂಗಾಲ ಹೆಚ್ಚು. ಬೆಸುಗೆಯ ಪಕ್ಕದ ಅಂಚು ಗಾಜಿನಂತೆ ಪೆಡಸಾಗುತ್ತದೆ.

ಇನ್ನು ಹಣವುಳ್ಳವರ ತಪ್ಪು. ಇಎನ್ 24 ತಂದೆ, ಇನ್ನು ಯಾರ ಭಯವೂ ಇಲ್ಲ ಎನ್ನುತ್ತಾರೆ. ಉತ್ತಮ ಉಕ್ಕು, ನಿಜ. ಆದರೆ ಅದನ್ನು ಬೆಸೆಯುವ ಮೊದಲು ಹದವಾಗಿ ಕಾಯಿಸಬೇಕು, ಬೆಸೆದ ಮೇಲೆ ನಿಧಾನವಾಗಿ ಆರಿಸಬೇಕು, ಒಣಗಿದ ಕಡಿಮೆ ಹೈಡ್ರೋಜನ್ ಎಲೆಕ್ಟ್ರೋಡನ್ನೇ ಬಳಸಬೇಕು. ಸುಮಾರು ಶೇಕಡಾ 0.4 ಇಂಗಾಲವಿರುವ ಇಎನ್ 8ಕ್ಕೂ ಈ ಮಾತು ಸಲ್ಲುತ್ತದೆ. ಆಷಾಢದ ಮಲೆನಾಡಿನಲ್ಲಿ ಬೆಂಕಿಪೆಟ್ಟಿಗೆಯೇ ಒಣಗಿರುವುದಿಲ್ಲ. ಬಾಯಿ ತೆರೆದಿಟ್ಟ ಡಬ್ಬಿಯ 7018 ಎಲೆಕ್ಟ್ರೋಡ್ ಒಣಗಿರುತ್ತದೆಯೇ? ಅದು ಹೀರಿದ ತೇವದಿಂದ ಹೈಡ್ರೋಜನ್ ಲೋಹದೊಳಕ್ಕೆ ಸೇರಿ, ಬೆಸುಗೆ ತಣ್ಣಗಾದ ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ, ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ಕಾಯಿಸುವ ವ್ಯವಸ್ಥೆಯಿಲ್ಲದ ಶೆಡ್ಡಿನಲ್ಲಿ ಇಎನ್ 24ಕ್ಕಿಂತ ದರ್ಜೆ ಗೊತ್ತಿರುವ, ಇಂಗಾಲ ಕಡಿಮೆಯಿರುವ ಸಾಧಾರಣ ಉಕ್ಕನ್ನು ತುಸು ದಪ್ಪ ಅಳತೆಯಲ್ಲಿ ಬಳಸುವುದೇ ಜಾಣತನ. ಸ್ಟೇನ್‌ಲೆಸ್ ತುಕ್ಕು ಹಿಡಿಯುವುದಿಲ್ಲವೆಂದು ಆಸೆಪಡುವವರು ಅದರ ಥ್ರೆಡ್ಡುಗಳು ಒಂದನ್ನೊಂದು ಕಚ್ಚಿಕೊಂಡು ಬಿಗಿಯುತ್ತವೆಂಬುದನ್ನು ಮರೆಯುತ್ತಾರೆ. ಹೊಂದಿಸಲಾಗದ ಮೇಲೆ ಹೊಂದಿಸಬಲ್ಲ ತೋಳೆಂಬ ಹೆಸರೇಕೆ? ಅಲ್ಯೂಮಿನಿಯಂ ಬೇಡವೇ ಬೇಡ. ಅದರ ಬಿಗುಪು ಉಕ್ಕಿನ ಮೂರರಲ್ಲಿ ಒಂದು, ಬೆಸುಗೆಯ ಬಳಿ ಬಲವೂ ಕುಗ್ಗುತ್ತದೆ.

ಕೊಳವೆಯನ್ನು ಎಷ್ಟೇ ಚೆನ್ನಾಗಿ ಆರಿಸಿದರೂ ತೋಳು ಸೋಲುವುದು ಬಹುಮಟ್ಟಿಗೆ ಥ್ರೆಡ್ಡಿನ ಬುಡದಲ್ಲಿ. 16 ಮಿ.ಮೀ. ಥ್ರೆಡ್ಡಿನ ಬದಲು 24 ಮಿ.ಮೀ. ಥ್ರೆಡ್ ಹಾಕಿದರೆ ಬಾಗುವ ಹೊರೆಯನ್ನು ತಡೆಯುವ ಶಕ್ತಿ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ವ್ಯಾಸದ ಒಂದೂವರೆ ಪಟ್ಟು ಉದ್ದವಾದರೂ ಒಳಗೆ ಕಚ್ಚಿರಬೇಕು, ಲಾಕ್ ನಟ್ ಇರಲೇಬೇಕು. ತುದಿಗೆ ಹೊಳೆಯುವ ಗುಂಡಿನ ಕೀಲು ಹಾಕಿದರೆ ನೋಡಲು ಚೆಂದ. ನಮ್ಮ ಕೆಂಪು ಕೆಸರು ಅದನ್ನು ಅರೆಯುವ ಕಲ್ಲಿನಂತೆ ತಿನ್ನುತ್ತದೆ. ರಬ್ಬರ್ ಬುಷ್ ವಾಸಿ.

ಇಷ್ಟೆಲ್ಲ ಬರೆದದ್ದು ಎಲ್ಲರೂ ತೋಳು ಮಾಡಿಕೊಳ್ಳಿ ಎನ್ನುವುದಕ್ಕಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಿದೆ. ಸಾರ್ವಜನಿಕ ರಸ್ತೆಯಲ್ಲಿ ಜನರನ್ನು ಹೊರುವ ಗಾಡಿಗೆ ಮನೆಯಲ್ಲಿ ಮಾಡಿದ ತೋಳು ಸಲ್ಲದು ಎಂಬುದು ನನ್ನ ಖಚಿತ ನಿಲುವು. ಕಾಯಿದೆ ಇಲ್ಲದಿದ್ದರೂ ಇದನ್ನೇ ಹೇಳುತ್ತಿದ್ದೆ. ಮಲೆನಾಡಿನ ಜೀಪು ಹಗಲು ಮೋಜಿನ ಗಾಡಿ, ರಾತ್ರಿ ಬಾಣಂತಿಯ ಆಂಬುಲೆನ್ಸ್. ಆಕೆಗೆ ಆ ತೋಳಿನ ಚರಿತ್ರೆಯನ್ನು ಯಾರೂ ಹೇಳಿರುವುದಿಲ್ಲ.

ಪರಿಸರದ ಪತ್ರಿಕೆಗೆ ಈ ವಿಷಯವೇಕೆ ಎಂದು ನಮ್ಮ ಸಂಗಾತಿಗಳೇ ಹುಬ್ಬೇರಿಸಬಹುದು. ಎತ್ತರಿಸಿದ ಗಾಡಿ ಎಲ್ಲಿಗೆ ಹೋಗುತ್ತದೆ? ಅಡಕೆ ತೋಟಕ್ಕೆ ಹೋಗಲು ಯಾರಿಗೂ ಮೂರು ಅಂಗುಲ ಹೆಚ್ಚು ಬೇಕಾಗಿಲ್ಲ. ಅದು ಹೋಗುವುದು ಶೋಲಾ ಕಾಡಿನ ನೆತ್ತಿಯ ಹುಲ್ಲುಗಾವಲಿಗೆ. ಒದ್ದೆ ಮಣ್ಣಿನ ಮೇಲೆ ಚಕ್ರ ಹಾಯ್ದ ಮೊದಲ ಸಲವೇ ಹೆಚ್ಚಿನ ಹಾನಿ ಆಗಿಬಿಡುತ್ತದೆ, ಆ ಜಾಡಿನಲ್ಲೇ ಮುಂದಿನ ಮಳೆ ಕೊರಕಲು ತೋಡುತ್ತದೆ. ತೋಳಿನ ಅಗತ್ಯ ಹುಟ್ಟುವುದೇ ಇಂಥ ಅನಗತ್ಯ ಪ್ರಯಾಣದಿಂದ.

ಆದರೂ ಸ್ವಂತ ಎಸ್ಟೇಟಿನೊಳಗೆ ಮಾತ್ರ ಓಡುವ ಗಾಡಿಗೆ, ಅಥವಾ ಐಟಿಐ, ಪಾಲಿಟೆಕ್ನಿಕ್ಕಿನ ಅಭ್ಯಾಸಕ್ಕೆ ಮಾಡುವವರು ಇರುತ್ತಾರೆ. ಅವರಲ್ಲಿ ಒಂದು ಕೋರಿಕೆ. ಅದೇ ಕೊಳವೆ, ಅದೇ ತುದಿ, ಅದೇ ಎಲೆಕ್ಟ್ರೋಡ್, ಅದೇ ಕೈಯಿಂದ ಒಂದು ತೋಳನ್ನು ಹೆಚ್ಚಾಗಿ ಮಾಡಿಸಿ. ಎರಡು ದಿನ ಬಿಟ್ಟು ವೈಸಿಗೆ ಸಿಕ್ಕಿಸಿ, ಬೆಸುಗೆಯ ಜಾಗದಲ್ಲಿ ಉದ್ದಕ್ಕೆ ಗರಗಸದಿಂದ ಸೀಳಿ, ಅರದಿಂದ ಉಜ್ಜಿ ನೋಡಿ. ಬೆಸುಗೆ ಬುಡದವರೆಗೆ ಇಳಿದಿದೆಯೇ, ಮೇಲೆ ಮಾತ್ರ ಅಂಟಿ ಕುಳಿತಿದೆಯೇ ಎಂಬುದನ್ನು ಕಣ್ಣೇ ಹೇಳುತ್ತದೆ. ಸೀಳಲು ಒಪ್ಪದ ಶೆಡ್ಡಿಗೆ ಮುಂಗಡ ಕೊಡಬೇಡಿ.