ನೂತನ ಪ್ರಯೋಗಗಳೂ ಪರೀಕ್ಷೆಯೂ

ನಾದವನ್ನೂ ನೃತ್ಯವನ್ನೂ ಮಾತನ್ನೂ ಚಿತ್ರವನ್ನೂ ಒಂದೇ ರಂಗದ ಮೇಲೆ ಕೂಡಿಸಿ ಹಿಂದೆ ಇಲ್ಲದ ಕೃತಿಗಳನ್ನು ಕಟ್ಟಲು ಹೊರಟಿರುವ ಮೇಳಗಳ ವಿಷಯವಾಗಿ ನಮ್ಮ ವಿದ್ಯಾವಂತ ವರ್ಗದಲ್ಲಿ ಎರಡು ಪಕ್ಷಗಳುಂಟು. ಇದೆಲ್ಲವೂ ಸಂಕರ, ಶುದ್ಧ ಸಂಗೀತಕ್ಕೆ ಒದಗಿದ ಕೇಡು ಎಂದು ಒಂದು ಪಕ್ಷ. ಹೊಸದೆಂಬುದೇ ಸಾಕಾದ ಗುಣ, ಅದನ್ನು ಪ್ರಶ್ನಿಸುವವನು ಜಡನೆಂದು ಮತ್ತೊಂದು ಪಕ್ಷ. ಇವೆರಡೂ ಪರಸ್ಪರ ಕಾದಾಡುತ್ತಿರುವಂತೆ ಕಂಡರೂ ಒಂದು ವಿಷಯದಲ್ಲಿ ಐಕಮತ್ಯದಿಂದಿವೆ: ಕೃತಿಯನ್ನು ಪರೀಕ್ಷಿಸುವ ತಾಳ್ಮೆ ಇಬ್ಬರಿಗೂ ಇಲ್ಲ. ಮೊದಲನೆಯವರು ನೋಡದೆಯೇ ಹಳಿಯುತ್ತಾರೆ. ಎರಡನೆಯವರು ಒಮ್ಮೆ ನೋಡಿ, ಹೊಗಳಿ, ಮರೆತುಬಿಡುತ್ತಾರೆ. ಹೊಸ ಕೃತಿಗಳಿಗೆ ಈ ಎರಡನೆಯವರಿಂದ ಆಗುತ್ತಿರುವ ಹಾನಿಯೇ ದೊಡ್ಡದೆಂಬುದನ್ನು ಸಾಧಿಸುವುದು ಈ ಲೇಖನದ ಉದ್ದೇಶ.

ಮೊದಲು ಸಂಕರವಾದವನ್ನು ವಿಚಾರಿಸೋಣ. ಸಂಗೀತಕ್ಕೆ ಕುಣಿತವೇಕೆ, ಬಣ್ಣವೇಕೆ, ರಾಗವೊಂದೇ ಸಾಲದೆ ಎಂದು ಕೇಳುವವರು ಶಾಸ್ತ್ರದ ಹೆಸರಿನಲ್ಲಿ ಕೇಳುತ್ತಾರೆ. ಆದರೆ ಶಾಸ್ತ್ರವು ಅವರ ಪರವಾಗಿ ಸಾಕ್ಷಿ ನುಡಿಯುವುದಿಲ್ಲ. ಬ್ರಹ್ಮನು ಋಗ್ವೇದದಿಂದ ಪಾಠ್ಯವನ್ನೂ, ಸಾಮದಿಂದ ಗೀತವನ್ನೂ, ಯಜುಸ್ಸಿನಿಂದ ಅಭಿನಯವನ್ನೂ, ಅಥರ್ವಣದಿಂದ ರಸಗಳನ್ನೂ ಆಯ್ದು ನಾಟ್ಯವೇದವನ್ನು ರಚಿಸಿದನೆಂದು ನಾಟ್ಯಶಾಸ್ತ್ರದ ಮೊದಲ ಅಧ್ಯಾಯವೇ ಹೇಳುತ್ತದೆ. ನಾಲ್ಕು ಕಡೆಯಿಂದ ತಂದು ಕೂಡಿಸಿದುದೇ ಅದರ ಹುಟ್ಟು. 13ನೆಯ ಶತಮಾನದ ಶಾರ್ಙ್ಗದೇವನು ಗೀತ, ವಾದ್ಯ, ನೃತ್ತಗಳ ಸಮುದಾಯಕ್ಕೇ ಸಂಗೀತವೆಂಬ ಹೆಸರನ್ನು ಕೊಟ್ಟಿದ್ದಾನೆ. ಅಷ್ಟೇ ಅಲ್ಲ, ವೃಂದವೆಂಬುದು ಹೇಗಿರಬೇಕೆಂದೂ ಆತನು ವಿಧಿಸಿದ್ದಾನೆ. ಉತ್ತಮ ವೃಂದದಲ್ಲಿ ಮುಖ್ಯ ಗಾಯಕರು 4, ಅವರೊಡನೆ ಹಾಡುವವರು 8, ಗಾಯಿಕೆಯರು 12, ಕೊಳಲಿನವರು 4, ಮೃದಂಗದವರು 4. ಸಂಗೀತವೆಂದರೆ ಒಬ್ಬ ವಿದ್ವಾಂಸನು ನಾಲ್ಕು ಪಕ್ಕವಾದ್ಯಗಳೊಡನೆ ಮೂರು ಗಂಟೆ ಹಾಡುವುದೆಂಬ ಭಾವನೆಯೇ ಈಚಿನದು.

ಪರದೇಶದ ವಾದ್ಯವೆಂಬ ಆಕ್ಷೇಪವಂತೂ ಇನ್ನೂ ದುರ್ಬಲವಾದುದು. ಮುತ್ತುಸ್ವಾಮಿ ದೀಕ್ಷಿತರ ಸಹೋದರರಾದ ಬಾಲುಸ್ವಾಮಿ ದೀಕ್ಷಿತರು ಐರೋಪ್ಯರ ಪಿಟೀಲನ್ನು ಕಲಿತು ನಮ್ಮ ಗಾನಕ್ಕೆ ಒಗ್ಗಿಸಿದರು. ಇಂದು ಪಿಟೀಲಿಲ್ಲದೆ ಕಚೇರಿಯೇ ಕೂಡದು. ಆ ವಾದ್ಯವು ನಮ್ಮದಾದುದು ಒಂದು ರಾತ್ರಿಯ ಕೌತುಕದಿಂದಲ್ಲ, ತಲೆಮಾರುಗಳ ಸಾಧಕದಿಂದ. ಆದಕಾರಣ ಕೂಡಿಸಬಹುದೇ ಎಂಬುದು ಪ್ರಶ್ನೆಯೇ ಅಲ್ಲ. ಕೂಡಿಸಿದುದು ಕೂಡಿತೇ ಎಂಬುದೇ ಪ್ರಶ್ನೆ. ಸಂಕರವಾದಿಗಳ ಕೋಪಕ್ಕೆ ಕಾರಣವಾದುದು ಬಹುಮಟ್ಟಿಗೆ ಕೂಡದೆ ಉಳಿದ ಪ್ರಯೋಗಗಳೆಂಬುದನ್ನು ಒಪ್ಪಲೇಬೇಕು.

ಇನ್ನು ನವ್ಯಾಭಿಮಾನಿಗಳ ಪಕ್ಷ. ಇವರು ಏರ್ಪಡಿಸುವ ಅಪೂರ್ವ ಸಂಗಮಗಳ ಕ್ರಮವನ್ನು ವಾಚಕರು ಬಲ್ಲರು. ಕೊಳಲಿನವರು ಒಂದು ಊರಿನಿಂದ, ತಬಲದವರು ಮತ್ತೊಂದು ಊರಿನಿಂದ, ನರ್ತಕಿಯು ಮೂರನೆಯ ಊರಿನಿಂದ ಮಧ್ಯಾಹ್ನದ ಗಾಡಿಗೆ ಬಂದಿಳಿಯುತ್ತಾರೆ. ಧ್ವನಿವರ್ಧಕಗಳನ್ನು ಸರಿಪಡಿಸುವುದರಲ್ಲಿಯೇ ಸಂಜೆಯಾಗುತ್ತದೆ. ರಾತ್ರಿ, ಒಬ್ಬರು ನುಡಿಸಿದುದನ್ನು ಮತ್ತೊಬ್ಬರು ತಿರುಗಿ ನುಡಿಸುವ ಸವಾಲು ಜವಾಬು. ಅದು ದ್ರುತಕ್ಕೆ ಏರಿದಾಗ ಚಪ್ಪಾಳೆ. ಹಿಂದಿನ ತೆರೆಯ ಮೇಲೆ ಬಣ್ಣಬಣ್ಣದ ಬೆಳಕು. ಆಮೇಲೆ ಹಾರ, ಶಾಲು, ಭಾಷಣ. ಮರುದಿನ ಬೆಳಗ್ಗೆ ಕಲಾವಿದರು ಮೂರು ದಿಕ್ಕಿಗೆ ಹೊರಟುಹೋಗುತ್ತಾರೆ. ಆ ಕೃತಿಯು ಬರಹದಲ್ಲಿಯೂ ಉಳಿಯಲಿಲ್ಲ, ಯಾರ ಕೈಯಲ್ಲಿಯೂ ಉಳಿಯಲಿಲ್ಲ. ಇದನ್ನು ಮೇಳವೆನ್ನುವುದು ಆ ಪದಕ್ಕೆ ಮಾಡಿದ ಅನ್ಯಾಯ. ರೈಲು ನಿಲ್ದಾಣದ ತಂಗುಕೋಣೆಯಲ್ಲಿ ಒಟ್ಟಿಗೆ ಕುಳಿತವರನ್ನು ಯಾರೂ ಒಂದು ಕುಟುಂಬವೆನ್ನುವುದಿಲ್ಲ. ಶಾರ್ಙ್ಗದೇವನು ವೃಂದಕ್ಕೆ ಹೇಳಿದ ಆರು ಗುಣಗಳಲ್ಲಿ ಒಂದು, ಒಬ್ಬನಲ್ಲಿ ಕಡಿದುಹೋದುದನ್ನು ಇನ್ನೊಬ್ಬನು ನಿರ್ವಹಿಸುವುದು. ಒಬ್ಬರ ಉಸಿರು ಎಲ್ಲಿ ಸೋಲುತ್ತದೆಂಬುದನ್ನು ಇನ್ನೊಬ್ಬರು ಬಹುದಿನ ಕೂಡಿ ದುಡಿದಲ್ಲದೆ ಹೇಗೆ ತಿಳಿದಾರು?

ಇಲ್ಲಿಗೆ ಮುಗಿದಿದ್ದರೆ ಒಂದು ಸಂಜೆಯ ವ್ಯರ್ಥವ್ಯಯವೆಂದು ಸುಮ್ಮನಿರಬಹುದಾಗಿತ್ತು. ನಿಜವಾದ ಅನ್ಯಾಯವು ದುಡಿಯುವ ಮೇಳಗಳಿಗೆ ಆಗುತ್ತಿದೆ. ನಾಲ್ಕಾರು ಮಂದಿ ಯುವಕ ಯುವತಿಯರು ಆರು ತಿಂಗಳು ಒಂದೆಡೆ ಸೇರಿ, ಸಂಬಳವಿಲ್ಲದೆ ತಾಲೀಮು ಮಾಡಿ, ಒಂದು ಹೊಸ ಕೃತಿಯನ್ನು ಕಟ್ಟುತ್ತಾರೆ. ಅದಕ್ಕೆ ಒಂದು ರಾತ್ರಿ ಸಿಗುತ್ತದೆ. ಅಂದು ಎಲ್ಲಿ ಜಾಳಾಯಿತು, ಎಲ್ಲಿ ದೀರ್ಘವಾಯಿತು ಎಂಬುದು ಅವರಿಗೆ ಆ ರಾತ್ರಿಯೇ ತಿಳಿಯುತ್ತದೆ. ತಿದ್ದಿಕೊಂಡು ಮರಳಿ ಬಂದರೆ ಸಭೆಯವರು, "ಅದು ಆಗಿಹೋಯಿತಲ್ಲ, ಹೊಸದೇನಿದೆ?" ಎಂದು ಕೇಳುತ್ತಾರೆ. ಪಾಪ, ಅವರು ಆ ಕೃತಿಯನ್ನು ಮೂಲೆಗೆಸೆದು ಇನ್ನೊಂದನ್ನು ಅರೆಬೇಯಿಸಿ ತರುತ್ತಾರೆ. ಹೀಗೆ ಹೊಸತನದ ಉಪಾಸಕರೇ ಹೊಸ ಕೃತಿಗಳ ಬಾಲಮರಣಕ್ಕೆ ಕಾರಣರಾಗುತ್ತಿದ್ದಾರೆ.

ಇವರಿಗೆ ಕಾಳಿದಾಸನೆಂದರೆ ಬಲು ಪ್ರೀತಿ. ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ, ಭಾಸ ಮುಂತಾದ ಪ್ರಸಿದ್ಧ ಕವಿಗಳಿರುವಾಗ ಹೊಸ ಕವಿಯ ನಾಟಕವೇಕೆ ಎಂಬ ಪ್ರಶ್ನೆಗೆ ಸೂತ್ರಧಾರನು ಕೊಡುವ ಉತ್ತರವನ್ನು ಪ್ರತಿಯೊಂದು ಉದ್ಘಾಟನಾ ಭಾಷಣದಲ್ಲಿಯೂ ಕೇಳುತ್ತೇವೆ. ಆದರೆ ಭಾಷಣಕಾರರು ಆ ಶ್ಲೋಕದ ಪೂರ್ವಾರ್ಧಕ್ಕೇ ನಿಂತುಬಿಡುತ್ತಾರೆ. ಉತ್ತರಾರ್ಧದಲ್ಲಿ ಕವಿಯು ಬಲ್ಲವರಿಗೆ ವಿಧಿಸಿರುವುದು ಪರೀಕ್ಷೆಯನ್ನು. ಪರರ ಮಾತನ್ನು ನಂಬಿ ನಡೆಯುವವನನ್ನು ಮೂಢರ ಸಾಲಿಗೆ ಸೇರಿಸಿದ್ದಾನೆ. ಶಾಲೆಯಲ್ಲಿ ಈ ನಾಟಕವನ್ನು ಪಾಠ ಹೇಳುತ್ತಿದ್ದಾಗ, ಅರ್ಧ ಶ್ಲೋಕವನ್ನು ಬರೆದವನಿಗೆ ನಾನು ಅರ್ಧ ಅಂಕವನ್ನೂ ಕೊಡುತ್ತಿರಲಿಲ್ಲ. ಒಮ್ಮೆ ಮಾತ್ರ ಕಂಡು ಮಾಯವಾಗುವ ವಸ್ತುವನ್ನು ಪರೀಕ್ಷಿಸುವ ಬಗೆ ಹೇಗೆ? ಹೊಸದಕ್ಕೆ ಪರೀಕ್ಷೆ ಬೇಕು. ಪರೀಕ್ಷೆಗೆ ಎರಡನೆಯ ಪ್ರಯೋಗ ಬೇಕು.

ಇದು ನಮ್ಮ ದೇಶಕ್ಕೆ ಮಾತ್ರ ಸಲ್ಲುವ ನ್ಯಾಯವಲ್ಲ. ನವೀನ ಸಂಗೀತದ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವಾದ ಗಲಭೆಯನ್ನು ನೋಡಿರಿ. 1913ರ ಮೇ 29ರಂದು ಪ್ಯಾರಿಸ್ ನಗರದಲ್ಲಿ ದ್ಯಾಗಿಲೆವ್ ಎಂಬ ರಷ್ಯನ್ ಸಂಯೋಜಕನ ನೃತ್ಯಮೇಳವು 'ವಸಂತದ ಬಲಿ' ಎಂದು ಹೇಳಬಹುದಾದ ಹೊಸ ಕೃತಿಯನ್ನು ಪ್ರದರ್ಶಿಸಿತು. ಸಂಗೀತ ಸ್ಟ್ರಾವಿನ್‌ಸ್ಕಿಯದು, ನೃತ್ಯಸಂಯೋಜನೆ ನಿಜಿನ್‌ಸ್ಕಿಯದು, ರಂಗಚಿತ್ರ ಮತ್ತು ಉಡುಪು ನಿಕೊಲಾಸ್ ರೋರಿಕ್ಕರದು. ಬೆಂಗಳೂರಿನ ಹತ್ತಿರ ತಾತಗುಣಿಯಲ್ಲಿ ದೇವಿಕಾರಾಣಿಯವರೊಡನೆ ನೆಲೆಸಿದ್ದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ಕರ ತಂದೆಯೇ ಇವರು. ಅಂದು ಪ್ರೇಕ್ಷಕರು ಕೂಗಾಡಿ, ನಗಾಡಿ, ನರ್ತಕರಿಗೆ ವಾದ್ಯವೇ ಕೇಳದಂತೆ ಮಾಡಿದರು. ಇಷ್ಟು ಕಥೆಯನ್ನು ಎಲ್ಲರೂ ಹೇಳುತ್ತಾರೆ. ಮುಂದಿನ ಕಥೆಯೇ ನಮಗೆ ಬೇಕಾದುದು. ಮರುವರ್ಷ, 1914ರ ಏಪ್ರಿಲಿನಲ್ಲಿ, ಅದೇ ನಗರದಲ್ಲಿ, ಅದೇ ನಿರ್ವಾಹಕನಾದ ಮಾಂತೋ ಎಂಬವನು ಅದೇ ಸಂಗೀತವನ್ನು ನೃತ್ಯವಿಲ್ಲದೆ ಕಚೇರಿಯಲ್ಲಿ ನುಡಿಸಿದನು. ಜನರು ಸ್ಟ್ರಾವಿನ್‌ಸ್ಕಿಯನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಬರೆದಿಟ್ಟ ಸ್ವರವಿತ್ತು, ಎರಡನೆಯ ಪರೀಕ್ಷೆ ಸಾಧ್ಯವಾಯಿತು, ಕೃತಿಯು ಗೆದ್ದಿತು. ನೃತ್ಯದ ಗತಿಯೇನಾಯಿತು? ಪ್ಯಾರಿಸ್ ಮತ್ತು ಲಂಡನ್ನುಗಳಲ್ಲಿ ಹತ್ತಕ್ಕೆ ಒಳಗಾದ ಪ್ರದರ್ಶನಗಳು ಮುಗಿದ ಮೇಲೆ ನಿಜಿನ್‌ಸ್ಕಿಯನ್ನು ಮೇಳದಿಂದ ಹೊರಗಟ್ಟಿದರು. 1920ರಲ್ಲಿ ಕೃತಿಯನ್ನು ಮತ್ತೆ ಆಡಿಸಹೊರಟಾಗ ಹಳೆಯ ನೃತ್ಯವು ಯಾರಿಗೂ ನೆನಪಿರದೆ, ಮಾಸಿನ್ ಎಂಬವನು ಬೇರೆಯದನ್ನೇ ಕಟ್ಟಬೇಕಾಯಿತು. ಮೂಲನೃತ್ಯವನ್ನು ಚಿತ್ರಗಳಿಂದಲೂ ಟಿಪ್ಪಣಿಗಳಿಂದಲೂ ಕೂಡಿಸಿ ಅಮೆರಿಕದ ಜಾಫ್ರಿ ನೃತ್ಯಮೇಳದವರು 1987ರಲ್ಲಿ ಮತ್ತೆ ರಂಗಕ್ಕೆ ತಂದರು. ಅಷ್ಟರಲ್ಲಿ 74 ವರ್ಷಗಳು ಕಳೆದಿದ್ದವು. ಒಂದೇ ಕೃತಿಯ ಎರಡು ಅಂಗಗಳಲ್ಲಿ ಒಂದು ಬದುಕಿತು, ಮತ್ತೊಂದು ಸತ್ತಿತು. ಪ್ರೇಕ್ಷಕರ ಕೂಗಾಟವು ಇಬ್ಬರಿಗೂ ಸಮಾನವಾಗಿತ್ತು, ಪುನಃಪ್ರಯೋಗ ಮಾತ್ರ ಒಬ್ಬರಿಗೇ ಒದಗಿತು.

ವಿಯೆನ್ನಾದ ಷೋನ್‌ಬರ್ಗನು ಈ ತತ್ತ್ವವನ್ನು ಚೆನ್ನಾಗಿ ಅರಿತವನು. ಆತನು 1918ರಲ್ಲಿ ಸ್ನೇಹಿತರೊಡನೆ ಒಂದು ಸಂಘವನ್ನು ಸ್ಥಾಪಿಸಿದನು. ಅದರ ನಿಯಮಗಳು ನಮ್ಮ ಸಭೆಗಳವರಿಗೆ ವಿಚಿತ್ರವಾಗಿ ತೋರಬಹುದು. ಹೊಸ ಕೃತಿಗೆ ಬೇಕಾದಷ್ಟು ತಾಲೀಮು ಆಗದೆ ಅದನ್ನು ನುಡಿಸಕೂಡದು. ಕೃತಿಗಳನ್ನು ಮತ್ತೆ ಮತ್ತೆ ಕೇಳಿಸಬೇಕು. ಚಪ್ಪಾಳೆಯೂ ಇಲ್ಲ, ಛೀಮಾರಿಯೂ ಇಲ್ಲ. ಪತ್ರಿಕಾ ವಿಮರ್ಶಕರಿಗೆ ಪ್ರವೇಶವಿಲ್ಲ. ಸಂಘವು 1921ರಲ್ಲಿ ನಿಂತುಹೋಯಿತು. ಅಷ್ಟರೊಳಗೆ ನೂರಕ್ಕೂ ಮಿಕ್ಕಿ ಕಚೇರಿಗಳನ್ನು ನಡೆಸಿತ್ತು. ಇದೇ ಷೋನ್‌ಬರ್ಗನ 'ಪಿಯೆರೊ ಲ್ಯೂನೇರ್' ಎಂಬ 1912ರ ಕೃತಿಯಲ್ಲಿ ಒಬ್ಬ ನಟಿಯು ಮಾತೂ ಅಲ್ಲದ, ಹಾಡೂ ಅಲ್ಲದ ರೀತಿಯಲ್ಲಿ ಪದ್ಯಗಳನ್ನು ನುಡಿಯುತ್ತಾಳೆ; ಐವರು ವಾದಕರು ಎಂಟು ವಾದ್ಯಗಳನ್ನು ನುಡಿಸುತ್ತಾರೆ. ಅದು ಬರ್ಲಿನ್ನಿನಲ್ಲಿ ಒಂದು ರಾತ್ರಿ ಆಡಿ ನಿಲ್ಲದೆ ಊರಿಂದೂರಿಗೆ ಸಂಚಾರ ಹೊರಟಿತು. ಅದರಿಂದ ಬೆಳೆದ ಪರಂಪರೆಯ ಬಲದಿಂದಲೇ 1967ರಲ್ಲಿ ಇಂಗ್ಲೆಂಡಿನಲ್ಲಿ ಬರ್ಟ್‌ವಿಸಲ್ ಮತ್ತು ಮ್ಯಾಕ್ಸ್‌ವೆಲ್ ಡೇವಿಸ್ ಎಂಬವರು ಪಿಯೆರೊ ಹೆಸರಿನ ಮೇಳವನ್ನೇ ಕಟ್ಟಿದರು. ಅದಕ್ಕಾಗಿ ಡೇವಿಸ್ 1969ರಲ್ಲಿ ಬರೆದ ಹುಚ್ಚುದೊರೆಯ ಹಾಡುಗಳೆಂಬ ಕೃತಿಯಲ್ಲಿ ವಾದಕರು ಹಕ್ಕಿಗಳಂತೆ ಪಂಜರದೊಳಗೆ ಕುಳಿತು ನುಡಿಸುತ್ತಾರೆ; ದೊರೆಯು ಪಿಟೀಲೊಂದನ್ನು ಕಿತ್ತುಕೊಂಡು ಮುರಿಯುತ್ತಾನೆ. ವಾದ್ಯವನ್ನು ಮುರಿಯುವ ಕೃತಿಯನ್ನು ಮೆಚ್ಚುವುದು ಆಯುಧಪೂಜೆಯ ದಿನ ವಾದ್ಯಕ್ಕೆ ಹೂವಿಡುವ ನಮ್ಮಂಥವರಿಗೆ ಕಷ್ಟವೇ. ಆದರೂ ಆ ಮೇಳವು ಹೆಸರನ್ನು ಬದಲಿಸಿಕೊಂಡು 1987ರವರೆಗೆ ಬದುಕಿ, ತನ್ನ ಕೃತಿಗಳನ್ನು ಲೋಕದ ಮುಂದೆ ಮತ್ತೆ ಮತ್ತೆ ಇಟ್ಟಿತು. ಮೆಚ್ಚದಿರುವುದಕ್ಕೂ ಕೃತಿಯು ಎದುರಿಗೆ ಉಳಿದಿರಬೇಕಷ್ಟೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಅವರದು ಧನಿಕ ದೇಶ, ನಮಗೆ ಹಣವೆಲ್ಲಿ? 1976ರಲ್ಲಿ ಬೂಲೆಜ್ ಎಂಬವನು ಪ್ಯಾರಿಸಿನಲ್ಲಿ ನವೀನ ಸಂಗೀತಕ್ಕಾಗಿಯೇ ಸಂಬಳದ ವಾದಕರ ಮೇಳವನ್ನು ಸರಕಾರದ ನೆರವಿನಿಂದ ಸ್ಥಾಪಿಸಿದುದು ನಿಜ; ಅಷ್ಟು ನಮ್ಮಿಂದಾಗದು. ಆದರೆ ಸ್ಥಿರವಾದ ಮೇಳವನ್ನು ಸಾಕುವ ವಿದ್ಯೆಯನ್ನು ನಾವು ಪ್ಯಾರಿಸಿನಿಂದ ಕಲಿಯಬೇಕಾಗಿಲ್ಲ. ನಮ್ಮ ಕರಾವಳಿಯ ಯಕ್ಷಗಾನ ಮೇಳವು ಮತ್ತೇನು? ಹಿಮ್ಮೇಳದಲ್ಲಿ ಭಾಗವತ, ಮದ್ದಳೆ, ಚೆಂಡೆ. ಮುಮ್ಮೇಳದಲ್ಲಿ ಕುಣಿತ, ವೇಷ, ಬಣ್ಣ, ಅರ್ಥ. ದೀಪಾವಳಿಯ ತರುವಾಯ ಗೆಜ್ಜೆ ಕಟ್ಟಿ ಹೊರಟ ಮೇಳವು ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ತಿರುಗಾಟದಲ್ಲಿರುತ್ತದೆ. ಅಲ್ಲಿಯೂ ಹೊಸ ಪ್ರಸಂಗಗಳು ಹುಟ್ಟುತ್ತವೆ. ಮೊದಲ ರಾತ್ರಿ ತಡವರಿಸಿದ ಪ್ರಸಂಗವು ಇಪ್ಪತ್ತನೆಯ ರಾತ್ರಿಗೆ ಹದಕ್ಕೆ ಬರುತ್ತದೆ. ಜೊಳ್ಳಾದುದು ಆ ವರ್ಷದಲ್ಲಿಯೇ ಉದುರಿಹೋಗುತ್ತದೆ. ಇದೇ ಪರೀಕ್ಷೆ. ಶಿವರಾಮ ಕಾರಂತರು ಯಕ್ಷಗಾನದಿಂದ ಮಾತನ್ನು ತೆಗೆದು, ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಹಿಮ್ಮೇಳಕ್ಕೆ ತಂದು, ರಾತ್ರಿಯಿಡೀ ಆಡುವುದನ್ನು ಕೆಲವು ಗಂಟೆಗಳಿಗೆ ಇಳಿಸಿದಾಗ ಎದ್ದ ವಾಗ್ವಾದವು ಇನ್ನೂ ಆರಿಲ್ಲ. ಅರ್ಥವನ್ನು ತೆಗೆದುದು ನನಗೆ ಇಂದಿಗೂ ಒಪ್ಪಿಗೆಯಲ್ಲ. ಆದರೆ ಅವರು ಕಲಾವಿದರನ್ನು ಕೂಡಿಸಿ, ತಿದ್ದಿ, ನಾಡಿನಲ್ಲಿಯೂ ಹೊರನಾಡುಗಳಲ್ಲಿಯೂ ಆ ಪ್ರಯೋಗವನ್ನು ಮತ್ತೆ ಮತ್ತೆ ತೋರಿಸಿದ್ದರಿಂದಲೇ ನಮಗೆ ಒಪ್ಪದಿರುವ ಹಕ್ಕು ಬಂದಿದೆ.

ಹಣವುಳ್ಳವರು ಹೇಗೆ ಕೊಡಬೇಕೆಂಬುದಕ್ಕೂ ನಮ್ಮಲ್ಲಿಯೇ ಮೇಲ್ಪಂಕ್ತಿಯಿದೆ. ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು ರಷ್ಯನ್ ವಾಗ್ಗೇಯಕಾರನಾದ ಮೆಟ್ನರನ ಕೃತಿಗಳು ಅವನ ಕೈಯಿಂದಲೇ ಧ್ವನಿಮುದ್ರಿತವಾಗಲೆಂದು ದ್ರವ್ಯಸಹಾಯ ಮಾಡಿದರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರೌಸನ ಕಡೆಯ ನಾಲ್ಕು ಗೀತೆಗಳ ಪ್ರಥಮ ಪ್ರಯೋಗಕ್ಕೂ ಅವರೇ ಹಣದ ಹೊಣೆ ಹೊತ್ತರು. ತಾವು ಅಲ್ಲಿರದಿದ್ದರೂ ಅದು ಮುದ್ರಿತವಾಗಿ ಉಳಿಯಬೇಕೆಂಬುದು ಅವರ ಅಪೇಕ್ಷೆ. ಒಂದು ಸಂಜೆಯ ವೈಭವಕ್ಕೆ ಕೊಡುವುದೂ ಕೃತಿಯ ಬಾಳಿಕೆಗೆ ಕೊಡುವುದೂ ಒಂದೇ ಅಲ್ಲವೆಂಬ ವಿವೇಕವು ಆ ಅರಸರಿಗಿತ್ತು.

ಜನರು ಎರಡನೆಯ ಸಲ ಬರುವುದಿಲ್ಲವೆಂಬುದು ಕಡೆಯ ಆಕ್ಷೇಪ. ಭಸ್ಮಾಸುರ ಮೋಹಿನಿಯ ಕಥೆ ತಿಳಿಯದವರು ಯಾರು? ಆದರೂ ಬಯಲು ತುಂಬುತ್ತದೆ. ಭೈರವಿಯನ್ನು ಒಮ್ಮೆ ಕೇಳಿದೆವೆಂದು ಯಾರೂ ಮನೆಯಲ್ಲಿ ಕೂರುವುದಿಲ್ಲ. ಹೊಸದನ್ನು ಮಾತ್ರ ಒಂದೇ ಸಲಕ್ಕೆ ಮುಗಿಸುವ ಅಭ್ಯಾಸವನ್ನು ಜನರಿಗೆ ಕಲಿಸಿದವರು ನಾವೇ.

ಆದುದರಿಂದ ನಮ್ಮ ಜಿಲ್ಲೆಯ ಸಭೆಗಳ ಮುಂದೆ ಈ ಸೂಚನೆಗಳನ್ನು ಇಡುತ್ತೇನೆ. ನಾಲ್ಕು ಅಪೂರ್ವ ಸಂಗಮಗಳಿಗೆ ಚೆಲ್ಲುವ ಹಣವನ್ನು ಒಂದೇ ಮೇಳಕ್ಕೆ ಕೊಡಲಿ. ರಂಗದ ರಾತ್ರಿಗೆ ಮಾತ್ರವಲ್ಲದೆ ತಾಲೀಮಿನ ದಿನಗಳಿಗೂ ಸಂಭಾವನೆ ಸಲ್ಲಲಿ. ಆ ಮೇಳವು ತನ್ನ ಹೊಸ ಕೃತಿಯನ್ನು ಒಂದು ವರ್ಷದೊಳಗೆ ಕನಿಷ್ಠ ಮೂರು ತಾಲೂಕುಗಳಲ್ಲಿ, ತಿದ್ದಿ ತಿದ್ದಿ, ತೋರಿಸಬೇಕೆಂದು ಕರಾರು ಮಾಡಿಕೊಳ್ಳಲಿ. ಕೃತಿಯ ಸ್ವರಲಿಪಿ, ರಂಗಸೂಚನೆ, ಚಲಚ್ಚಿತ್ರ ಇವುಗಳ ಒಂದೊಂದು ಪ್ರತಿಯು ಸಂಘದ ಪುಸ್ತಕಭಂಡಾರಕ್ಕೆ ಬರಲಿ. ಈ ಪತ್ರಿಕೆಯ ಸಂಪಾದಕರೂ ಪ್ರಥಮ ಪ್ರಯೋಗದ ವಿಮರ್ಶೆಯನ್ನು ತಡೆಹಿಡಿದು, ಎರಡನೆಯದರ ತರುವಾಯ ಅಚ್ಚುಮಾಡಲಿ.

ಸಂಕರವಾದಿಗಳಾದ ಹಿರಿಯ ಮಿತ್ರರಲ್ಲಿಯೂ ನವ್ಯಾಭಿಮಾನಿಗಳಾದ ಕಿರಿಯ ಮಿತ್ರರಲ್ಲಿಯೂ ನನ್ನ ವಿಜ್ಞಾಪನೆ ಒಂದೇ. ಹೊಸ ಮೇಳವೊಂದು ಊರಿಗೆ ಬಂದಾಗ ಮೊದಲ ರಾತ್ರಿ ಹೋಗಿರಿ. ತೀರ್ಪನ್ನು ಮನಸ್ಸಿನಲ್ಲಿಯೇ ಇಟ್ಟುಕೊಳ್ಳಿರಿ. ಎರಡನೆಯ ರಾತ್ರಿ ಮತ್ತೆ ಹೋಗಿರಿ. ಬೈಯುವುದಿದ್ದರೆ ಅನಂತರ ಧಾರಾಳವಾಗಿ ಬೈಯಿರಿ.