ನೂರರಲ್ಲಿ ಉಳಿದ ಒಂಬತ್ತು ಮಂದಿ

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ಮೇಲೆ ಬರುವ ಒಂದು ಭಾನುವಾರ, ಬಲಿಪೂಜೆಯ ನಂತರ, ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಪುಟ್ಟದೊಂದು ಸಮಾರಂಭ ನಡೆಯುವುದು ವಾಡಿಕೆ. ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದ ಮಕ್ಕಳನ್ನು ಹೆಸರು ಹಿಡಿದು ಕರೆದು, ಗುರುಗಳ ಕೈಯಿಂದ ಸ್ಮರಣಿಕೆ ಕೊಡಿಸಿ, ಚಪ್ಪಾಳೆ ತಟ್ಟುತ್ತೇವೆ. ತಟ್ಟಲೇಬೇಕು. ಆದರೆ ಆ ದಿನ ಯಾವ ಮಕ್ಕಳು ದೇವಾಲಯಕ್ಕೆ ಬರಲಿಲ್ಲ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೇವೆ?

2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇಕಡಾ 91.12 ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲಾಯಿತು. ಉಡುಪಿ ಅದರ ಬೆನ್ನಿಗೇ ಇತ್ತು. ರಾಜ್ಯದ ಫಲಿತಾಂಶ ಶೇಕಡಾ 66.14. ಕರಾವಳಿಯವರಾದ ನಾವು ಸಹಜವಾಗಿಯೇ ಹೆಮ್ಮೆಪಟ್ಟೆವು. ಆದರೂ ನೂರರಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿದರು. ಕಲಬುರಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅನುತ್ತೀರ್ಣರಾದಾಗ ಅದು ಸರಕಾರದ ಸಮಸ್ಯೆಯಾಗುತ್ತದೆ, ಪತ್ರಿಕೆಗಳಲ್ಲಿ ಚರ್ಚೆಯಾಗುತ್ತದೆ. ಅಕ್ಕಪಕ್ಕದ ಮನೆಯವರೆಲ್ಲ ಉತ್ತೀರ್ಣರಾಗುವ ನಮ್ಮ ಊರುಗಳಲ್ಲಿ ಅನುತ್ತೀರ್ಣನಾದವನು ಒಬ್ಬಂಟಿ. ತಾಯಿ ಪ್ರಶ್ನೆಗಳಿಗೆ ಹೆದರಿ ಬೆಳಗಿನ ಮೊದಲ ಪೂಜೆಗೆ ಬಂದು ಹೋಗುತ್ತಾಳೆ. ಮಗ ಅಷ್ಟೂ ಬರುವುದಿಲ್ಲ.

ಇಂತಹ ಮಕ್ಕಳಿಗೆ ನಾವು ಏನೂ ಮಾಡಿಲ್ಲವೆಂದಲ್ಲ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಎಷ್ಟೋ ಬಡ ಮನೆಗಳ ಶುಲ್ಕ ತುಂಬಿದ್ದಾರೆ, ಪುಸ್ತಕ ಕೊಡಿಸಿದ್ದಾರೆ. ಶುಲ್ಕ ಮಗುವನ್ನು ತರಗತಿಯ ಬಾಗಿಲವರೆಗೆ ಮುಟ್ಟಿಸುತ್ತದೆ. ಒಳಗೆ ಕುಳಿತ ಮೇಲೆ ಪಾಠ ತಲೆಗೆ ಹತ್ತದಿದ್ದರೆ ಏನು ಮಾಡುವುದು? ಗಣಿತದಲ್ಲಿ ಅನುತ್ತೀರ್ಣನಾದ ಹುಡುಗನೊಡನೆ ಒಂದು ಗಂಟೆ ತಾಳ್ಮೆಯಿಂದ ಕುಳಿತವರಿಗೆ ಗೊತ್ತು: ಅವನು ಎಡವಿದ್ದು ಹತ್ತನೆಯ ತರಗತಿಯ ವರ್ಗಸಮೀಕರಣದಲ್ಲಿ ಅಲ್ಲವೇ ಅಲ್ಲ, ಐದನೆಯ ತರಗತಿಯ ಭಿನ್ನರಾಶಿಯಲ್ಲಿ. ಅಲ್ಲಿ ಕಡಿದ ಎಳೆಯನ್ನು ಯಾರೂ ಮತ್ತೆ ಜೋಡಿಸಲಿಲ್ಲ. ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್. ವಿಜ್ಞಾನದ ಪ್ರಶ್ನೆಯ ಅರ್ಥವೇ ಆಗದ ಮಗು ಉತ್ತರವನ್ನು ಬಾಯಿಪಾಠ ಮಾಡಿ ಒಂಬತ್ತನೆಯ ತರಗತಿಯವರೆಗೆ ಹೇಗೋ ಬಂದಿರುತ್ತದೆ. ಮೂವತ್ತು ಮಂದಿಯನ್ನು ಒಟ್ಟಿಗೆ ಕೂರಿಸುವ ಟ್ಯೂಷನ್ ಈ ಎಳೆಯನ್ನು ಹುಡುಕಲಾರದು. ಅದಕ್ಕೆ ಒಂದು ಮಗುವಿಗೆ ಒಬ್ಬ ಹಿರಿಯರು ಬೇಕು.

ಧರ್ಮಗುರುಗಳ ಪಾಲಕ ಸಂತರಾದ ಜಾನ್ ಮರಿಯ ವಿಯಾನಿಯವರ ಚರಿತ್ರೆಯಲ್ಲಿ ಇಂತಹ ಹಿರಿಯರೊಬ್ಬರಿದ್ದಾರೆ. ನಮ್ಮ ಪ್ರಸಂಗಗಳಲ್ಲಿ ಅವರ ಹೆಸರು ಕೇಳಿಬರುವುದು ಅಪರೂಪ. ಫ್ರಾನ್ಸಿನ ಕ್ರಾಂತಿಯ ಗದ್ದಲದಲ್ಲಿ ವಿಯಾನಿಯವರ ಬಾಲ್ಯದ ಓದು ಕುಂಟಿತು. ಲಿಯೋನ್ ಗುರುಮಠದಲ್ಲಿ ಪಾಠವೆಲ್ಲ ಲ್ಯಾಟಿನ್‌ನಲ್ಲಿ. ಅದು ತಿಳಿಯದ ಅವರನ್ನು ಕೆಲವೇ ತಿಂಗಳಲ್ಲಿ ಹೊರಗೆ ಕಳುಹಿಸಿದರು. ಎಕುಯಿ ಎಂಬ ಊರಿನ ಧರ್ಮಗುರು ಬ್ಯಾಲೆಯವರು ಅವರನ್ನು ತಮ್ಮ ಮನೆಗೆ ಕರೆದುಕೊಂಡು, ಅದೇ ಪಾಠವನ್ನು ಅವರಿಗೆ ತಿಳಿಯುವ ಫ್ರೆಂಚ್‌ನಲ್ಲಿ ಹೇಳಿಕೊಟ್ಟರು. 1815ರಲ್ಲಿ, 29ನೆಯ ವಯಸ್ಸಿನಲ್ಲಿ, ವಿಯಾನಿಯವರಿಗೆ ಗುರುದೀಕ್ಷೆಯಾಯಿತು. ಬ್ಯಾಲೆಯವರು ಬಳಸಿದ ಉಪಾಯ ಇಷ್ಟೇ: ಶಿಷ್ಯನಿಗೆ ಅರ್ಥವಾಗುವ ಭಾಷೆ, ಮತ್ತು ಬಿಟ್ಟುಕೊಡದ ತಾಳ್ಮೆ.

ಇಲ್ಲಿ ನಮ್ಮನ್ನೇ ಕುರಿತು ಒಂದು ಕಹಿ ಮಾತನ್ನು ಹೇಳದೆ ಗತ್ಯಂತರವಿಲ್ಲ. ನೂರಕ್ಕೆ ನೂರು ಫಲಿತಾಂಶದ ಫಲಕ ಹಾಕುವ ಆಸೆಗೆ ಬಿದ್ದು, ಹಿಂದುಳಿದ ಮಕ್ಕಳ ಹೆತ್ತವರನ್ನು ಒಂಬತ್ತನೆಯ ತರಗತಿಯಲ್ಲೇ ಕರೆಸಿ, ವರ್ಗಾವಣೆ ಪತ್ರ ತೆಗೆದುಕೊಂಡು ಹೋಗಿರೆಂದು ಮೆಲ್ಲನೆ ಸೂಚಿಸುವ ಶಾಲೆಗಳನ್ನು ನಾವು ಕಂಡಿದ್ದೇವೆ. ಸಂತರ ಹೆಸರು ಹೊತ್ತ ಶಾಲೆಯಿಂದ ಇಂತಹ ಮಾತು ಬಂದಾಗ ಆ ಹೆತ್ತವರಿಗೆ ಏನನಿಸಿರಬಹುದು?

2023–24ರ ಸಾಲಿನಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ವ್ಯವಸ್ಥೆ ಬಂದಿತ್ತು. 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಮೇ 2ರಂದು ಬಂತು, ಎರಡನೆಯ ಪರೀಕ್ಷೆ ಅದೇ ತಿಂಗಳ ಕೊನೆಗೆ ಆರಂಭವಾಯಿತು. ನಡುವೆ ದೊರೆತದ್ದು ಮೂರೇ ವಾರ. ಆ ಮೂರು ವಾರ ಹುಡುಗ ಮುಸುಕೆಳೆದು ಮಲಗಿದರೆ, ಇಲ್ಲವೇ ಯಾವುದೋ ಅಂಗಡಿಯಲ್ಲಿ ಸಂಬಳಕ್ಕೆ ನಿಂತರೆ, ಅವನನ್ನು ಮತ್ತೆ ಪುಸ್ತಕದ ಮುಂದೆ ಕೂರಿಸುವುದು ಕಷ್ಟ. ಮೊದಲ ಸಂಬಳದ ರುಚಿ ಬಲವಾದದ್ದು.

ಮುಂದಿನ ದಾರಿಯನ್ನೂ ಯಾರಾದರೂ ಬಿಡಿಸಿ ಹೇಳಬೇಕು. ಪಿ.ಯು.ಸಿ. ವಿಜ್ಞಾನವೊಂದೇ ವಿದ್ಯೆಯೆಂಬ ಭ್ರಮೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಹತ್ತನೆಯದನ್ನು ದಾಟಿದವನು ಐ.ಟಿ.ಐ. ಸೇರಿ ಎರಡು ವರ್ಷದ ತರಬೇತಿ ಮುಗಿಸಿದರೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆ. ಡಿಪ್ಲೊಮಾ ಮುಗಿಸಿದವನಿಗೆ ಪ್ರವೇಶ ಪರೀಕ್ಷೆಯ ಮೂಲಕ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ. ಇದು ಸುತ್ತಿನ ದಾರಿ, ನಿಜ. ಆದರೆ ಪ್ರತಿ ತಿರುವಿನಲ್ಲೂ ಕೈಯಲ್ಲಿ ಒಂದು ಕಸುಬು ಇರುತ್ತದೆ.

ನಮ್ಮ ಪ್ರತಿಯೊಂದು ವಾರ್ಡಿನಲ್ಲೂ ನಿವೃತ್ತ ಶಿಕ್ಷಕ ಶಿಕ್ಷಕಿಯರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಕಾಲೇಜಿನಲ್ಲಿ ಓದುವ ಯುವಜನರಿದ್ದಾರೆ. ವಾರಕ್ಕೆ ಎರಡು ಸಂಜೆ, ಒಂದು ಗಂಟೆ, ಒಂದೇ ಮಗು: ಇಷ್ಟು ಕೇಳಿದರೆ ಅತಿಯಾಗದು. ಎಂಟನೆಯ ತರಗತಿಯಿಂದಲೇ ಆರಂಭಿಸಿದರೆ ಇನ್ನೂ ಒಳ್ಳೆಯದು. ಪಾಠ ಯಾರ ಮನೆಯ ಕೋಣೆಯಲ್ಲೂ ಬೇಡ. ದೇವಾಲಯದ ಸಭಾಂಗಣದಲ್ಲಿ, ಬಾಗಿಲು ತೆರೆದಿಟ್ಟು, ಇತರ ಹಿರಿಯರ ಕಣ್ಣಳತೆಯಲ್ಲಿ ನಡೆಯಲಿ. ಮಕ್ಕಳ ಹೆಸರನ್ನು ಪೂಜೆಯಲ್ಲಿ ಓದುವುದೂ ಬೇಡ. ಗುರಿಕಾರರು ಮನೆಗೆ ಹೋಗಿ ತಾಯಿಯೊಡನೆ ಮಾತನಾಡಿದರೆ ಸಾಕು.

ಸಭಾಂಗಣ ಹೇಗೂ ವಾರದ ಬಹುಪಾಲು ಬೀಗ ಹಾಕಿಕೊಂಡಿರುತ್ತದೆ. ಅದರ ಕೀಲಿಯನ್ನು ಮಂಗಳವಾರ, ಶುಕ್ರವಾರ ಸಂಜೆ ಯಾರ ಕೈಗೆ ಕೊಡಬೇಕೆಂಬುದನ್ನು ಮುಂದಿನ ಪಾಲನಾ ಮಂಡಳಿಯ ಸಭೆಯಲ್ಲೇ ತೀರ್ಮಾನಿಸಬಹುದು.